ಹೊಗಳೋದಿದ್ರೆ ಹೊರಗೆ

ಮೊನ್ನೆ ನಮ್ಮ ಯೂನಿವರ್ಸಿಟಿಯ ವಾಟ್ಸಾಪ್ ಗ್ರೂಪಿಗೆ ಮೇಡಂ ಫೋಟೋ ಬಂತು. ಸುತ್ತ ಗುಲಾಬಿ ಹೂವಿನ ಬಾರ್ಡರು, ಕೆಳಗೆ ‘ಸದಾ ಹಸನ್ಮುಖಿ, ದೇಶವಿದೇಶಗಳ ಸೇತುವೆ’. ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ಶ್ರದ್ಧಾಂಜಲಿ ಸಭೆಯಂತೆ. ವಿದೇಶಿ ವಿದ್ಯಾರ್ಥಿಗಳು ಕಡ್ಡಾಯವಾಗಿ ಅವರವರ ದೇಶದ ಉಡುಪಿನಲ್ಲಿ ಬರಬೇಕಂತೆ, ಫೋಟೋಗ್ರಾಫರ್ ಬರ್ತಾನಂತೆ. ಆಮೇಲೆ ಆಡಳಿತಾಧಿಕಾರಿ ಖುದ್ದಾಗಿ ಫೋನ್ ಮಾಡಿದ. "ಸರ್, ನೀವು ಅವರ ಜೊತೆ ಒಂದೇ ಸ್ಟಾಫ್ ರೂಮಲ್ಲಿ ಇದ್ದೋರು. ಎರಡು ನಿಮಿಷ ಮಾತಾಡಿ. ಸ್ವಲ್ಪ ಪಾಸಿಟಿವ್ ಆಗಿರಲಿ. ಆ ಜಕ್ಕೂರು ಮ್ಯಾಟರ್ ಎಲ್ಲ ಬೇಡ, ಆಯ್ತಾ?"

ಸೇತುವೆಯಂತೆ! ನಾನು ಸಿವಿಲ್ ಇಂಜಿನಿಯರಿಂಗ್ ಪಾಠ ಮಾಡೋನು. ಸೇತುವೆ ಅಂದ್ರೆ ಏನು ಅಂತ ನನಗೆ ಗೊತ್ತು. ಎಲ್ಲರೂ ತುಳ್ಕೊಂಡು ಹೋಗೋ ವಸ್ತು. ಆ ಲೆಕ್ಕದಲ್ಲಿ ಸರಿಯಾಗೇ ಬರೆದಿದ್ದಾರೆ ಅನ್ನಿ. ಆದರೆ ಹಸನ್ಮುಖಿ? ಅಷ್ಟು ವರ್ಷ ಎದುರುಬದುರು ಕೂತಿದ್ದೀನಿ, ಆಯಮ್ಮ ಹಲ್ಲು ಬಿಟ್ಟು ನಕ್ಕಿದ್ದನ್ನ ನಾನು ನೋಡಿಲ್ಲ. ಆ ಫೋಟೋದಲ್ಲೂ ನಕ್ಕಿಲ್ಲ. ತುಟಿ ಬಿಗಿ ಹಿಡ್ಕೊಂಡು, ಕ್ಯಾಮೆರಾ ಹಿಡಿದವನನ್ನ ಈಗ ಬೈತೀನಿ ಅನ್ನೋ ಹಾಗೆ ನೋಡ್ತಿದ್ದಾರೆ. ಫೋಟೋ ಹಾಕಿದೋನು ಅದನ್ನಾದರೂ ಒಂದ್ಸಲ ನೋಡಬಾರದಿತ್ತಾ?

ಅವರ ಹೆಸರು ನಾನು ಬರೆಯಲ್ಲ. ಬರೆದರೆ ನಾಳೆ ಅದಕ್ಕೂ ಒಂದು ಫ್ಲೆಕ್ಸ್ ಮಾಡಿಸ್ತಾರೆ. ಎಲ್ಲರೂ ಮೇಡಂ ಅಂತಿದ್ವಿ, ಅಷ್ಟು ಸಾಕು.

ಮೇಡಂ ಕನ್ನಡ ಪಾಠ ಮಾಡೋಕೆ ಅಂತ ಸೇರಿದೋರು. ಹುಡುಗರು ಬರ್ತಿಲ್ಲ ಅಂತ ನೆಪ ಹೇಳಿ ಕನ್ನಡ ವಿಭಾಗ ಮುಚ್ಚಿದರು. ಪರ್ಮನೆಂಟ್ ನೌಕರಿ, ಮನೆಗೆ ಕಳಿಸೋಕೆ ಆಗಲಿಲ್ಲ. ಏನಾದರೂ ಕೆಲಸ ಕೊಡಬೇಕಲ್ಲ ಅಂತ ವಿದೇಶಿ ವಿದ್ಯಾರ್ಥಿಗಳ ಘಟಕವನ್ನ ಅವರ ತಲೆಗೆ ಕಟ್ಟಿದರು. ಆಫ್ರಿಕಾದೋರು, ನೇಪಾಳದೋರು, ಯೆಮನ್‌ನೋರು, ಬಾಂಗ್ಲಾದೋರು ನಮ್ಮಲ್ಲಿ ಓದ್ತಾರೆ. ಅವರ ಫೀಸು ಜಾಸ್ತಿ, ಅದಕ್ಕೇ ನಮ್ಮೋರಿಗೆ ಅವರ ಮೇಲೆ ಅಷ್ಟು ಪ್ರೀತಿ. ಆ ಘಟಕದ ಹೊಸ ಕೆಲಸಕ್ಕೆ ಒಂದು ದೊಡ್ಡ ಹೆಸರೂ ಇತ್ತು, ಅಂತರ-ಸಾಂಸ್ಕೃತಿಕ ಸಾಮರ್ಥ್ಯ ವರ್ಧನೆ. ಮೇಡಂ ಬಾಗಿಲ ಮೇಲೆ ತಗುಲಿಸಿದ್ದ ಆ ಬೋರ್ಡ್ ಓದಿ, "ಇದನ್ನ ಬರೆದೋನಿಗೆ ಮನೇಲಿ ಅಕ್ಕಪಕ್ಕದೋರ ಜೊತೆ ಮಾತುಕತೆ ಇದೆಯೇನ್ರೀ?" ಅಂದಿದ್ದರು.

ಎಡಗೈಯಲ್ಲಿ ಕೀ ಕೊಡೋ ಹಳೇ ವಾಚ್ ಕಟ್ಟೋರು. ಕೋಪ ಬಂತು ಅಂದ್ರೆ ಮೊದಲು ಅದನ್ನ ಬಿಚ್ಚಿ ಮೇಜಿನ ಮೇಲೆ ಇಡೋರು. ಇಡೀ ಕ್ಯಾಂಪಸ್ಸಿಗೆ ಗೊತ್ತಿತ್ತು ಇದು. "ಮಗಾ, ವಾಚ್ ಬಿಚ್ಚಿದ್ರು, ಓಡು" ಅಂತ ಹುಡುಗರು ಕಾರಿಡಾರಿನಲ್ಲೇ ಸಿಗ್ನಲ್ ಕೊಡೋರು. ಯಾಕೆ ಬಿಚ್ಚೋದು ಅಂತ ಒಂದ್ಸಲ ಕೇಳಿದೆ.

"ಬೈಯೋವಾಗ ಟೈಮ್ ನೋಡಬಾರದು ಕಣ್ರೀ," ಅಂದರು. "ಟೈಮ್ ನೋಡ್ಕೊಂಡು ಬೈದ್ರೆ ಅದು ಡ್ಯೂಟಿ."

ಘಟಕ ವಹಿಸ್ಕೊಂಡ ಮೊದಲ ವಾರ ಆಡಳಿತಾಧಿಕಾರಿ ಒಂದು ಸ್ಲೈಡ್ ಶೋ ಕೊಟ್ಟಿದ್ದ. ವಿದೇಶದಿಂದ ಬಂದ ಮಕ್ಕಳಿಗೆ ತೋರಿಸೋಕೆ. ದೀಪ ಹಚ್ಚೋ ಹೆಂಗಸು, ನವಿಲು, ಮೈಸೂರು ಪಾಕು, ಎಡಗೈಯಲ್ಲಿ ಕೊಡಬೇಡಿ, ಮೊಣಕಾಲು ಮುಚ್ಚೋ ಬಟ್ಟೆ ಹಾಕಿ, ಜೋರಾಗಿ ಮಾತಾಡಬೇಡಿ. ಮೇಡಂ ಅರ್ಧ ನೋಡಿ ಪ್ರೊಜೆಕ್ಟರ್ ಆರಿಸಿದರು. "ಎಲ್ಲಾ ಇವರೇ ಕಲೀಬೇಕಾ? ನಮ್ಮ ಹುಡುಗರಿಗೆ ತೋರಿಸೋ ಸ್ಲೈಡ್ ಎಲ್ಲಿ?" ಅಂತ ಕೇಳಿದರು. ಅದು ಇರಲಿಲ್ಲ. ಯಾರ ತಲೆಗೂ ಹೊಳೆದಿರಲೇ ಇಲ್ಲ.

ಆಗ ಶುರು ಮಾಡಿದ್ದು ದೂರು ಗಂಟೆ. ಪ್ರತಿ ಗುರುವಾರ ಮಧ್ಯಾಹ್ನ ಮೂರಕ್ಕೆ, ಲೈಬ್ರರಿ ಹಿಂದಿನ ರೂಮು. ವಿದೇಶದೋರೂ ಬರಬೇಕು, ಬಾಗಲಗುಂಟೆ, ಯಶವಂತಪುರದಿಂದ ಬಸ್ ಹತ್ತಿ ಬರೋ ನಮ್ಮ ಹುಡುಗರೂ ಬರಬೇಕು. ಪ್ರತಿಯೊಬ್ಬರೂ ಆ ವಾರ ಇನ್ನೊಬ್ಬರ ಮೇಲೆ ತಮಗೆ ಬಂದ ಒಂದು ಸಿಟ್ಟನ್ನ ಬಾಯಿಬಿಟ್ಟು ಹೇಳಬೇಕು. ಅವರ ಎದುರಿಗೇ ಹೇಳಬೇಕು. ನಿಮ್ಮ ಸಂಸ್ಕೃತಿ ತುಂಬಾ ಶ್ರೀಮಂತ, ನಿಮ್ಮ ಜನ ತುಂಬಾ ಒಳ್ಳೆಯವರು ಅಂತ ಯಾರಾದರೂ ಶುರು ಹಚ್ಕೊಂಡ್ರೆ ಮೇಡಂ ಬಾಗಿಲು ತೋರಿಸೋರು. "ಹೊಗಳೋದಿದ್ರೆ ಹೊರಗೆ!"

ನಾನು ಮೊದಮೊದಲು ತಮಾಷೆ ನೋಡೋಕೆ ಅಂತ ಹೋಗಿ ಕೂರ್ತಿದ್ದೆ. ಮಲಾವಿ ದೇಶದಿಂದ ಬಂದ ಒಬ್ಬ ಹುಡುಗ ಇದ್ದ, ನಮ್ಮ ಸಿವಿಲ್‌ನವನೇ. ಎತ್ತರದ ಆಳು, ಮಾತು ಮೆತ್ತಗೆ, ಅದೂ ಮುಕ್ಕಾಲು ಇಂಗ್ಲಿಷು. ಅವನ ಮೊದಲ ದೂರು ಊಟದ್ದು. "ಇಲ್ಲಿ ಎಲ್ಲರೂ ನನ್ನನ್ನ ಊಟ ಆಯ್ತಾ ಅಂತ ಕೇಳ್ತಾರೆ. ನಾನು ಇಲ್ಲ ಅಂತೀನಿ. ಅವರು ಹೌದಾ ಅಂದು ಹೊರಟು ಹೋಗ್ತಾರೆ! ಊಟ ಹಾಕದೇ ಇರೋರು ಯಾಕೆ ಕೇಳಬೇಕು? ನಮ್ಮೂರಲ್ಲಿ ಹಾಗೆ ಕೇಳಿದ ಮೇಲೆ ಕೂರಿಸಿ ತಿನ್ನಿಸ್ತಾರೆ." ನಮ್ಮ ಹುಡುಗರು ಬಿದ್ದುಬಿದ್ದು ನಕ್ಕರು. ಮೇಡಂ ನಗಲಿಲ್ಲ. "ಅವನು ಕೇಳಿದ್ದರಲ್ಲಿ ತಪ್ಪೇನಿದೆ? ಉತ್ತರ ಹೇಳ್ರೋ," ಅಂದರು. ಮಾರನೇ ದಿನದಿಂದ ಅವನಿಗೆ ದಿನಾ ಯಾರದಾದರೂ ಡಬ್ಬಿಯಲ್ಲಿ ಪಾಲು ಸಿಗ್ತಿತ್ತು.

ಇನ್ನೊಂದು ಸಲ ಅವನೇ ನೀರಿನ ಬಾಟಲಿ ವಿಷಯ ತೆಗೆದ. ತನ್ನ ಬಾಟಲಿಯಿಂದ ನೀರು ಕುಡಿಯೋವಾಗ ಇಲ್ಲಿನ ಗೆಳೆಯರು ಬಾಯಿಗೆ ತಾಗಿಸದೆ ಎತ್ತಿ ಸುರ್ಕೋತಾರೆ, ತನಗೇನೋ ರೋಗ ಇದೆ ಅನ್ನೋ ಹಾಗೆ. ಬಾಗಲಗುಂಟೆ ಹುಡುಗನೊಬ್ಬ ಎದ್ದು ನಿಂತ. "ಲೋ ಗುರು, ನಮ್ಮಮ್ಮನ ಚೊಂಬಿಂದ ಕುಡಿದ್ರೂ ನಾನು ಹಂಗೇ ಕಣೋ. ಎಂಜಲು ಆಗಬಾರದು ಅಂತ. ನಿನಗೋಸ್ಕರ ಅಲ್ಲ." ಎಲ್ಲರಿಗೂ ಸಮಾಧಾನ ಆಯ್ತು, ಚಪ್ಪಾಳೆನೂ ಬಿತ್ತು. ಆಗ ಮೇಡಂ ವಾಚ್ ಬಿಚ್ಚಿ ಮೇಜಿನ ಮೇಲಿಟ್ಟರು.

"ಅದು ಸರಿ. ನಿನ್ನ ಪಿಜಿಯಲ್ಲಿ ಇವನು ಬಂದಾಗ ಇವನಿಗೆ ಅಂತ ಬೇರೆ ಪ್ಲಾಸ್ಟಿಕ್ ಲೋಟ ಇಟ್ಟಿದ್ದಾರಲ್ಲ, ಅದೂ ನಿಮ್ಮಮ್ಮ ಹೇಳಿಕೊಟ್ಟಿದ್ದಾ?"

ಮೇಡಂ ಅವತ್ತು ಹೇಳಿದ ಮಾತು ನಾನು ಮರೆತಿಲ್ಲ. "ತಪ್ಪು ತಿಳುವಳಿಕೆ ಬೇರೆ, ತಪ್ಪು ಬೇರೆ. ಎರಡನ್ನೂ ಕಲಸಿ ಒಂದೇ ತಟ್ಟೆಯಲ್ಲಿ ಬಡಿಸಬೇಡಿ."

ವಿದೇಶದ ಮಕ್ಕಳನ್ನ ತಲೆ ಮೇಲೆ ಕೂರಿಸ್ಕೊಂಡಿದ್ದರು ಅಂದ್ಕೋಬೇಡಿ. ಆಟೋದವನಿಗೆ ಕೆಟ್ಟ ಮಾತು ಆಡಿದ ಯೆಮನ್ ಹುಡುಗನನ್ನ ಹೆಬ್ಬಾಳದ ಸ್ಟ್ಯಾಂಡಿಗೆ ಎಳ್ಕೊಂಡು ಹೋಗಿ ಅದೇ ಆಟೋದವನ ಮುಂದೆ ನಿಲ್ಲಿಸಿ ತಪ್ಪಾಯ್ತು ಅನ್ನಿಸಿದ್ದರು. ಕ್ಲಾಸಿಗೆ ಲೇಟಾಗಿ ಬಂದು ‘ನಮ್ಮ ದೇಶದಲ್ಲಿ ಇದು ಮಾಮೂಲು’ ಅಂದವಳಿಗೆ, "ನಿಮ್ಮ ದೇಶದಲ್ಲಿ ವಿಮಾನಾನೂ ನಿನಗೆ ಕಾಯತ್ತೇನೇ?" ಅಂದಿದ್ದರು. ಕೆಲವು ಸಲ ಅನ್ಯಾಯವಾಗಿಯೂ ಬೈತಿದ್ದರು, ಸುಳ್ಳು ಯಾಕೆ ಹೇಳಲಿ. ನನ್ನನ್ನೇ ಎಷ್ಟು ಸಲ ಬೈದಿಲ್ಲ. ಆದರೆ ಬೈದ ಮೇಲೆ ಅವರು ನಮ್ಮ ಪಕ್ಕದಲ್ಲೇ ಕೂತು ಊಟ ಮಾಡೋರು.

ಈಗ ಬೇಡ ಅಂತಾರಲ್ಲ, ಆ ಜಕ್ಕೂರು ಮ್ಯಾಟರ್ರಿಗೆ ಬರ್ತೀನಿ.

ನಾನು ಜಕ್ಕೂರಿನವನು. ವಿಮಾನ ಹಾರಿಸೋದು ಕಲಿಸೋ ಮೈದಾನದ ಪಕ್ಕದ ಹಳೇ ಊರು ನಮ್ಮದು. ನಮ್ಮ ಚಿಕ್ಕಪ್ಪ ಹೊಲ ಮಾರಿ, ಉಳಿದ ಸೈಟಿನಲ್ಲಿ ಮೂರಂತಸ್ತು ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದ. ಆ ಮಲಾವಿ ಹುಡುಗ, ಅವನ ದೇಶದ ಇನ್ನಿಬ್ಬರು ಅಲ್ಲಿ ಮೇಲಿನ ಅಂತಸ್ತಿನಲ್ಲಿದ್ದರು. ಮನೆ ಕೊಡಿಸಿದ್ದು ನಾನೇ. ಒಂದು ಭಾನುವಾರ ಬೆಳಿಗ್ಗೆ ಚಿಕ್ಕಪ್ಪ ಫೋನ್ ಮಾಡಿದ. "ಬಾರಯ್ಯ ಇಲ್ಲಿ, ನಿನ್ ಉಡುಗರ ಚಂದ ನೋಡು. ಒತ್ತಾರೆಯಿಂದ ಕೋಳಿ ಬೇಯಿಸ್ಕೊಂಡು, ಕೂಗಾಡ್ಕೊಂಡು, ಊರೋರ್ನೆಲ್ಲ ಸೇರಿಸ್ಕೊಂಡವ್ರೆ. ಇದೇನ್ ಮನೆನಾ ಚೌಲ್ಟ್ರಿನಾ? ಕಾಲೇಜ್ಗೂ ಏಳಿದೀನಿ. ಗೇಟಿಗೆ ಬೀಗ ಆಕಿದೀನಿ."

ಹೋಗಿ ನೋಡಿದರೆ ಬೀದಿಯೆಲ್ಲ ಜನ. ಮೇಲಿಂದ ಹಾಡು ಕೇಳ್ತಿತ್ತು. ಮಸಾಲೆ ವಾಸನೆ ಕೆಳಗಿನವರೆಗೂ ಬಂದಿತ್ತು. ಎದುರುಮನೆಯವನು ಆಗಲೇ ವಿಡಿಯೋ ಮಾಡಿ ‘ವಿದೇಶಿಯರ ಪಾರ್ಟಿ’ ಅಂತ ಊರಿಗೆಲ್ಲ ಹಂಚಿದ್ದ. ಯೂನಿವರ್ಸಿಟಿ ಸೆಕ್ಯೂರಿಟಿಯ ವ್ಯಾನೂ ಬಂದಿತ್ತು. ಅಷ್ಟರಲ್ಲಿ ಆರ್.ಟಿ. ನಗರದಿಂದ ಆಟೋದಲ್ಲಿ ಮೇಡಂ ಬಂದಿಳಿದರು. ಹುಡುಗ ಬೆಳಿಗ್ಗೆಯೇ ಅವರಿಗೆ ಫೋನ್ ಮಾಡಿದ್ದನಂತೆ. ಗೇಟಿನ ಬೀಗ ನೋಡಿದರು. ಅಲ್ಲಿ ಮೇಜು ಇರಲಿಲ್ಲ. ವಾಚ್ ಬಿಚ್ಚಿ ನನ್ನ ಕೈಗೆ ಕೊಟ್ಟರು.

"ಬೀಗ ತೆಗೀರಿ. ಒಳಗೆ ಸಾವಾಗಿದೆ. ಆ ಹುಡುಗನ ತಾಯಿ ಹೋಗಿಬಿಟ್ಟಿದ್ದಾರೆ ಅವರೂರಲ್ಲಿ. ಇವತ್ತೇ ಮಣ್ಣು ಮಾಡ್ತಾರೆ. ಅವನು ಹೋಗಿ ಮುಟ್ಟೋಕಾಗಲ್ಲ."

ಚಿಕ್ಕಪ್ಪ ನಂಬಲಿಲ್ಲ. "ಏನ್ ಮೇಡಂ ಇಂಗಂತೀರಿ? ಸಾವಿನ ಮನೇಲಿ ಯಾರಾನಾ ಒಲೆ ಅಚ್ತಾರಾ? ಕೋಳಿ ಬೇಯಿಸ್ತಾರಾ? ನಮಗೇನ್ ಗೊತ್ತಾಗಲ್ವಾ?"

ನನಗೆ ಮೈ ಉರಿದುಹೋಯ್ತು. ನಮ್ಮ ತಾತ ಸತ್ತಾಗ ತಮಟೆ ಬಡಿಸಿ, ಬೀದಿಬೀದಿಯಲ್ಲಿ ಪಟಾಕಿ ಹೊಡೆಸಿದೋನು ಇದೇ ಚಿಕ್ಕಪ್ಪ. ಅವನಿಗೆ ಹಾಡು ದೊಡ್ಡದಲ್ಲ. ಅವನ ಕಣ್ಣಿಗೆ ಬಿದ್ದಿದ್ದು ಹಚ್ಚಿದ ಒಲೆ. ನಮ್ಮಲ್ಲಿ ಸಾವಾದ ಮನೆಯಲ್ಲಿ ಒಲೆ ಹಚ್ಚಲ್ಲ, ಅಕ್ಕಪಕ್ಕದೋರು ಅನ್ನ ಸಾರು ಮಾಡಿ ತಂದುಕೊಡ್ತಾರೆ. ಅವರಲ್ಲಿ ಸಾವಿನ ಮನೆಗೆ ಬಂದೋರು ಹಸಿದು ಹೋಗಬಾರದು. ಬಂದವರೇ ಸೇರಿ ಅಡುಗೆ ಮಾಡಿ, ಎಲ್ಲರಿಗೂ ಬಡಿಸಿ, ಮಣ್ಣಾಗೋವರೆಗೂ ದೇವರ ಹಾಡು ಹೇಳ್ತಾ ಕೂರ್ತಾರೆ. ಇದನ್ನ ಮೇಡಂ ಬೀದಿಯಲ್ಲಿ ನಿಂತು ಎಲ್ಲರಿಗೂ ಕೇಳೋ ಹಾಗೆ ಹೇಳಿದರು. ಹೇಳಿ, ಚಿಕ್ಕಪ್ಪನ ಕಡೆ ತಿರುಗಿದರು.

"ಸಾವಿನ ಮನೇಲಿ ಒಲೆ ಹಚ್ಚಬಾರದು, ಒಪ್ಕೋತೀನಿ. ಅಕ್ಕಪಕ್ಕದೋರು ತಂದುಕೊಡಬೇಕು. ಇವರಿಗೆ ಅಕ್ಕಪಕ್ಕ ಯಾರ್ರೀ? ನೀವೇ ತಾನೇ? ನೀವೇನು ತಂದ್ರಿ? ಬೀಗ!"

ಬಾಗಿಲಲ್ಲಿ ನಿಂತು ಕೇಳಿಸ್ಕೋತಿದ್ದ ನಮ್ಮ ಚಿಕ್ಕಮ್ಮ, "ಅಯ್ಯೋ ನನ್ ಕಂದಾ, ತಾಯಿನಾ?" ಅಂತ ಎದೆ ಹಿಡ್ಕೊಂಡಳು. ಗಂಡನ ಸೊಂಟದಿಂದ ಬೀಗದ ಕೈ ಕಿತ್ಕೊಂಡು ಗೇಟು ತೆಗೆದು ಮೇಲೆ ಹೋದಳು. ಅವಳಿಗೆ ಅವರ ಭಾಷೆ ಬರಲ್ಲ, ಅವನಿಗೆ ಆಗ ಕನ್ನಡ ಅಷ್ಟಕ್ಕಷ್ಟೇ. ಪಕ್ಕದಲ್ಲಿ ಕೂತು ಅವನ ಬೆನ್ನು ಸವರ್ತಾ ಅತ್ತಳು. ಮಧ್ಯಾಹ್ನ ಒಂದು ದಬರಿ ಅನ್ನ, ಒಂದು ಪಾತ್ರೆ ಸಾರು ಮೇಲಕ್ಕೆ ಹೋಯ್ತು. ಅವರು ಮಾಡಿದ್ದ ಮೆಕ್ಕೆಜೋಳದ ಮುದ್ದೆ ಕೆಳಕ್ಕೆ ಬಂತು. ಚಿಕ್ಕಪ್ಪ ಮುಖ ಊದಿಸ್ಕೊಂಡೇ ಅದನ್ನ ತಿಂದ.

ಇಲ್ಲಿಗೆ ಮುಗಿದಿದ್ದರೆ ನಾನೂ ಪಾಸಿಟಿವ್ ಆಗಿ ಮಾತಾಡಬಹುದಿತ್ತು. ಆದರೆ ಸಂಜೆಯೊಳಗೆ ಯೂನಿವರ್ಸಿಟಿಯೋರು ಆ ಮೂರೂ ಹುಡುಗರನ್ನ ಸಸ್ಪೆಂಡ್ ಮಾಡಿದ್ದರು. ಯಾರೂ ಏನೂ ವಿಚಾರಿಸಲಿಲ್ಲ. ವಿಡಿಯೋ ಓಡಾಡ್ತಿತ್ತು, ಸಂಸ್ಥೆಯ ಹೆಸರು ಉಳೀಬೇಕಿತ್ತು. ತಾಯಿ ಕಳ್ಕೊಂಡ ಆ ಹುಡುಗನದು ಕೊನೇ ಸೆಮಿಸ್ಟರು. ಸಸ್ಪೆಂಡ್ ಆದರೆ ವೀಸಾ ಹೋಗತ್ತೆ, ಡಿಗ್ರಿ ಇಲ್ಲದೆ ವಾಪಸ್ ಹೋಗ್ಬೇಕು, ಅದೂ ತಾಯಿ ಇಲ್ಲದ ಮನೆಗೆ.

ಸೋಮವಾರ ಆಡಳಿತಾಧಿಕಾರಿಯ ರೂಮಿಗೆ ಮೇಡಂ ಜೊತೆ ನಾನೂ ಹೋದೆ. ಎಸಿ ಹಾಕ್ಕೊಂಡು, ಬಾದಾಮಿ ತಿಂತಾ ಕೂತಿದ್ದ. "ಇದೊಂದು ಸಾಂಸ್ಕೃತಿಕ ತಪ್ಪು ತಿಳುವಳಿಕೆ ಮೇಡಂ. ಹುಡುಗರು ತಪ್ಪಾಯ್ತು ಅಂತ ಬರೆದುಕೊಡಲಿ, ವಾಪಸ್ ತಗೋತೀವಿ. ಆಮೇಲೆ ಒಂದು ವರ್ಕ್‌ಶಾಪ್ ಮಾಡೋಣ," ಅಂದ.

ಮೇಡಂ ವಾಚ್ ಬಿಚ್ಚಿ ಅವನ ಬಾದಾಮಿ ತಟ್ಟೆ ಪಕ್ಕ ಇಟ್ಟರು. "ತಾಯಿ ಸತ್ತಿದ್ದಕ್ಕೆ ತಪ್ಪಾಯ್ತು ಅನ್ನಬೇಕಾ? ಜಕ್ಕೂರಿನೋರದ್ದು ತಪ್ಪು ತಿಳುವಳಿಕೆ, ಬಿಡಿ. ನಿಮ್ಮದು ತಪ್ಪು. ಒಂದು ಫೋನ್ ಮಾಡಿ ಆ ಹುಡುಗನ್ನ ಏನಪ್ಪ ಆಯ್ತು ಅಂತ ಕೇಳಿದ್ರಾ?"

"ದೂರು ಕೊಟ್ಟಿದ್ದು ಮನೆ ಓನರ್ರು ಮೇಡಂ, ನಾವಲ್ಲ," ಅಂದ ಅವನು.

"ಹಾಗಾದ್ರೆ ಓನರ್ರನ್ನೇ ಕರ್ಕೊಂಡು ಬರ್ತೀನಿ."

ಚಿಕ್ಕಪ್ಪ ಬರಲಿಲ್ಲ, ಮರ್ಯಾದೆ ಪ್ರಶ್ನೆ ಅಂದ. ಚಿಕ್ಕಮ್ಮ ರೇಷ್ಮೆ ಸೀರೆ ಉಟ್ಕೊಂಡು ಮೇಡಂ ಜೊತೆ ಆಟೋ ಹತ್ತಿದಳು. ಎಸಿ ರೂಮಿಗೆ ನುಗ್ಗಿ, ಕೂತ್ಕೋ ಅಂದರೂ ಕೂರದೆ, "ದೂರು ಕೊಟ್ಟೋರು ನಾವೇ. ವಾಪಸ್ ತಗಂಡ್ವಿ. ತಾಯಿ ಸತ್ತ ಮಗೀನ ಕೈಲಿ ತಪ್ಪಾಯ್ತು ಅನ್ನಿಸ್ತೀಯಾ? ನಿನ್ ಬಾಯಿಗ್ ಮಣ್ಣಾಕ! ನಿನ್ ಎತ್ತೋಳು ಇಲ್ವಾ?" ಅಂದಳು. ಅಷ್ಟು ದೊಡ್ಡ ಆಫೀಸರು ಎದ್ದು ನಿಂತುಬಿಟ್ಟ. ಅವತ್ತೇ ಸಸ್ಪೆನ್ಶನ್ ವಾಪಸ್ ಆಯ್ತು. ಹುಡುಗ ಡಿಗ್ರಿ ಮುಗಿಸಿದ, ಈಗ ಯಶವಂತಪುರದ ಕಡೆ ಇನ್ನೊಂದು ಕಾಲೇಜಿನಲ್ಲಿ ಎಂ.ಟೆಕ್. ಮಾಡ್ತಿದ್ದಾನೆ.

ಮೇಡಂನ ಮಾತ್ರ ಬಿಡಲಿಲ್ಲ. ಮುಂದಿನ ಗುರುವಾರ ಲೈಬ್ರರಿ ಹಿಂದಿನ ರೂಮಿಗೆ ಬೀಗ ಬಿದ್ದಿತ್ತು. ದೂರು ಗಂಟೆ ನಕಾರಾತ್ಮಕ ವಾತಾವರಣ ಸೃಷ್ಟಿಸುತ್ತದಂತೆ. ಅವರನ್ನ ಪರೀಕ್ಷಾ ವಿಭಾಗಕ್ಕೆ ಹಾಕಿದರು, ಉತ್ತರಪತ್ರಿಕೆ ಕಟ್ಟು ಕಟ್ಟೋಕೆ. ರಿಟೈರ್ ಆಗೋವರೆಗೂ ಅಲ್ಲೇ ಧೂಳು ಕುಡಿದರು. ಘಟಕ ಕೇಂದ್ರವಾಯ್ತು, ಗೋಡೆ ತುಂಬ ಬಾವುಟ ಬಂತು, ವರ್ಷಕ್ಕೊಂದು ಆಹಾರ ಮೇಳ. ಎಲ್ಲರೂ ಎಲ್ಲರನ್ನೂ ಹೊಗಳ್ತಾರೆ. ಪಿಜಿಯಲ್ಲಿ ಆ ಪ್ಲಾಸ್ಟಿಕ್ ಲೋಟ ಇನ್ನೂ ಇದೆ. ನಾನು ಹೋಗಿ ನೋಡ್ಕೊಂಡು ಬಂದಿದ್ದೀನಿ.

ಹೋದ ವಾರ ಮೇಡಂ ಹೋಗಿಬಿಟ್ಟರು. ನಿದ್ದೆಯಲ್ಲೇ, ಯಾರಿಗೂ ತೊಂದರೆ ಕೊಡದೆ. ಮದುವೆ ಆಗಿರಲಿಲ್ಲ. ಆರ್.ಟಿ. ನಗರದ ಮನೆಯಲ್ಲಿ ಅಕ್ಕ ತಂಗಿ ಇಬ್ಬರೇ ಇದ್ದರು. ಹೆಬ್ಬಾಳದಲ್ಲಿ ಸಂಸ್ಕಾರ ಮುಗಿಸಿ ನಾವೆಲ್ಲ ವಾಪಸ್ ಬಂದು ಕೂತಿದ್ವಿ. ಕೆಳಮನೆಯ ಸಾಬರು ಟೀ ಕಳಿಸಿದ್ದರು. ಯೂನಿವರ್ಸಿಟಿಯಿಂದ ಒಂದು ಹೂವಿನ ಚಕ್ರ ಬಂದಿತ್ತು, ನನ್ನನ್ನ ಬಿಟ್ಟರೆ ಮನುಷ್ಯರು ಬಂದಿರಲಿಲ್ಲ.

ಆಗ ಮೆಟ್ಟಿಲ ಮೇಲೆ ಸದ್ದಾಯ್ತು. ಆ ಮಲಾವಿ ಹುಡುಗ, ಅವನ ಹಿಂದೆ ನಾಲ್ಕೈದು ಜನ ಬೇರೆ ಬೇರೆ ದೇಶದೋರು, ಬಾಗಲಗುಂಟೆ ಹುಡುಗನೂ ಇದ್ದ. ಇಬ್ಬಿಬ್ಬರು ಸೇರಿ ದೊಡ್ಡ ಪಾತ್ರೆಗಳನ್ನ ಹಿಡಿದಿದ್ದರು. ಅವು ನಮ್ಮ ಚಿಕ್ಕಮ್ಮನ ಪಾತ್ರೆಗಳು, ನೋಡಿದ ಕೂಡಲೇ ಗುರುತು ಹಿಡಿದೆ.

ಮೇಡಂ ಅಣ್ಣನ ಮಗ ಬಾಗಿಲಿಗೆ ಅಡ್ಡ ನಿಂತ. "ಕೇಟರಿಂಗಾ? ನಾವು ಹೇಳಿಲ್ಲವಲ್ಲ." ಹುಡುಗ ಮನೇಲಿ ಮಾಡಿದ್ದು ಅಂದ. ಅಣ್ಣನ ಮಗ ಅವನನ್ನ ಮೇಲಿಂದ ಕೆಳಗೆ ನೋಡಿ ನನ್ನ ಕಡೆ ತಿರುಗಿದ. "ಸರ್, ಇವರ ಕೈಯಿಂದ ಬೇಡ. ಹಿರಿಯರೆಲ್ಲ ಇದ್ದಾರೆ. ಹೋಟೆಲಿಂದ ತರಿಸ್ತೀವಿ, ಇವರಿಗೆ ಹೇಳಿ ಕಳಿಸಿಬಿಡಿ."

ನಾನು ಬಾಯಿಗೆ ಬಂದಿದ್ದನ್ನೆಲ್ಲ ಅಂದೆ. ಸಾವಿನ ಮನೆ ಅಂತಾನೂ ನೋಡಲಿಲ್ಲ. ಒಳಗಿಂದ ಮೇಡಂ ಅಕ್ಕನ ದನಿ ಬಂತು. "ಯಾರಪ್ಪ ಅದು?"

ಹುಡುಗ ನಮ್ಮ ಚಿಕ್ಕಮ್ಮನಿಂದ ಕಲಿತ ಕನ್ನಡದಲ್ಲಿ ಹೇಳಿದ. "ನಾವಮ್ಮ. ಸಾವಿನ ಮನೇಲಿ ಒಲೆ ಅಚ್ಚಬಾರದಲ್ವಾ? ಅದಕ್ಕೆ ತಂದ್ವಿ."

ಆ ಮುದುಕಮ್ಮ ಅವನನ್ನ ಕಣ್ಣು ಕಿರಿದು ಮಾಡಿ ನೋಡಿದರು. "ಜಕ್ಕೂರಿನ ಹುಡುಗ ನೀನೇನಾ? ಬಡಿಸಪ್ಪ. ನನಗೆ ಮೊದಲು ಬಡಿಸು. ಆಮೇಲೆ ನಿಮ್ಮಲ್ಲಿ ಹಾಡ್ತಾರಂತಲ್ಲ, ಅದನ್ನ ಹಾಡಿ. ನನ್ನ ತಂಗಿ ಹೇಳಿದ್ದಳು, ಚೆನ್ನಾಗಿ ಹಾಡ್ತಾರೆ ಅಂತ. ಅವಳು ಚೆನ್ನಾಗಿದೆ ಅಂದಿದ್ದು ಅದೊಂದನ್ನೇ." ಅವರು ಊಟ ಮಾಡಿದರು. ಅಣ್ಣನ ಮಗ ಹೋಟೆಲಿಗೆ ಹೋದ. ಹುಡುಗರು ನಡುಮನೆಯಲ್ಲಿ ಕೂತು ಸಂಜೆಯವರೆಗೂ ಹಾಡಿದರು. ಕಿಟಕಿಗಳಲ್ಲಿ ಜನ ನಿಂತು ಕೇಳಿದರು, ಯಾರೂ ಯಾರಿಗೂ ಫೋನ್ ಮಾಡಲಿಲ್ಲ.

ನಿನ್ನೆ ಆ ಹುಡುಗ ನನಗೆ ಕಾಲ್ ಮಾಡಿದ್ದ. "ಸರ್, ಸಭೆಗೆ ನಮ್ಮ ದೇಶದ ಡ್ರೆಸ್ ಹಾಕ್ಕೊಂಡು ಬರಬೇಕಂತೆ. ಸತ್ತೋರಿಗೋಸ್ಕರನಾ, ಫೋಟೋಗೋಸ್ಕರನಾ?" ನಿನಗೆ ಇಷ್ಟ ಬಂದ ಬಟ್ಟೆ ಹಾಕ್ಕೊಂಡು ಬಾ, ಹಿಂದೆ ಕೂತ್ಕೋ ಅಂದೆ.

ಗುರುವಾರ ಮಧ್ಯಾಹ್ನ ಮೂರು ಗಂಟೆ. ದೂರು ಗಂಟೆಯ ಹೊತ್ತು ಅದು ಅಂತ ಆ ಆಡಳಿತಾಧಿಕಾರಿಗೆ ನೆನಪೂ ಇಲ್ಲ. ನನಗೆ ಎರಡು ನಿಮಿಷ ಕೊಟ್ಟಿದ್ದಾನೆ. ಜಕ್ಕೂರಿಂದಲೇ ಶುರು ಮಾಡ್ತೀನಿ. ಮೈಕ್ ಮುಂದೆ ನಿಂತು ಮೊದಲು ನನ್ನ ವಾಚ್ ಬಿಚ್ಚಿ ಮೇಜಿನ ಮೇಲೆ ಇಡ್ತೀನಿ. ಮುಂದಿನ ಸಾಲಿನೋರಿಗೆ ಅದೇನು ಅಂತ ಗೊತ್ತಾಗಲ್ಲ. ಹಿಂದೆ ಕೂತ ಹುಡುಗರಿಗೆ ಗೊತ್ತಾಗತ್ತೆ.